ಬಣ್ಣಕ್ಕೂ ಮುಂಚಿನ ಕೊಳೆ ಕೆಲಸ

ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ನಿಂತು, ಬೇಸಿಗೆ ಭತ್ತ ಕಟಾವಾಗಿ ಚೀಲ ಸೇರಿತೆಂದರೆ ಗಂಗಾವತಿ, ಕಾರಟಗಿ, ಸಿಂಧನೂರು ಸೀಮೆಯ ಟ್ರ್ಯಾಕ್ಟರುಗಳಿಗೆ ಬಿಡುವು. ಮುಂಗಾರಿನ ನಾಟಿಗೆ ಇನ್ನೂ ದಿನವಿರುತ್ತದೆ, ಭತ್ತ ಮಾರಿದ ಒಂದಿಷ್ಟು ದುಡ್ಡೂ ಕೈಯಲ್ಲಿರುತ್ತದೆ. ಆಗ ಗ್ಯಾರೇಜುಗಳ ಮುಂದೆ ಸಾಲು ಶುರು. ಕ್ಲಚ್ ಪ್ಲೇಟ್ ಹಾಕಿಸುವವರು, ಇಂಜಿನ್ ಬಿಚ್ಚಿಸುವವರು, ಹೈಡ್ರಾಲಿಕ್ ಎತ್ತುತ್ತಿಲ್ಲ ಎಂದು ಬಂದವರು ಒಂದು ಕಡೆ; ಗಾಡಿಗೆ ಹೊಸ ಬಣ್ಣ ಹೊಡೆಸಬೇಕೆಂದು ಬಂದವರು ಇನ್ನೊಂದು ಕಡೆ. ಹಳೇ ಗಾಡಿ ಮಾರಲು ಹೊರಟವನಿಗೆ ಬಣ್ಣ ಬೇಕು, ಅದನ್ನು ಕೊಂಡು ಊರಿಗೆ ಒಯ್ಯುವವನಿಗೂ ಬೇಕು.

ಬಣ್ಣದ ಶೆಡ್ಡು ಎಂದ ಕೂಡಲೆ, ಮೂಗಿಗೆ ಕರ್ಚೀಫು ಕಟ್ಟಿಕೊಂಡು ಕೈಯಲ್ಲಿ ಗನ್ ಹಿಡಿದ ಪೇಂಟರ್ ಕಣ್ಣಮುಂದೆ ಬರುತ್ತಾನೆ. ಅವನ ಕೆಲಸ ಅರ್ಧ ದಿನದ್ದು. ಎರಡು ಕೋಟು, ಒಣಗುವ ಹೊತ್ತು ಎಲ್ಲ ಸೇರಿಸಿದರೂ ಒಂದು ದಿನ. ಅದಕ್ಕೂ ಮುಂಚೆ ನಾಲ್ಕೈದು ದಿನ ಅದೇ ಶೆಡ್ಡಿನಲ್ಲಿ ಕೆರೆಯುವುದು, ನೆನೆಸುವುದು, ಉಜ್ಜುವುದು, ತೊಳೆಯುವುದು ನಡೆದಿರುತ್ತದೆ. ಆ ಕೆಲಸವನ್ನು ನೋಡಲು ಯಾರೂ ನಿಲ್ಲುವುದಿಲ್ಲ. ಗಾಡಿಯ ಮಾಲೀಕನೂ ‘ಬಣ್ಣ ಹೊಡೆಯೋ ದಿನ ಬರ್ತೀನಿ’ ಎಂದು ಹೋಗಿಬಿಡುತ್ತಾನೆ. ಹೊಡೆದ ಬಣ್ಣ ಐದು ವರ್ಷ ಬಾಳುತ್ತದೋ ಮುಂದಿನ ಮಳೆಗೇ ಹಪ್ಪಳೆ ಏಳುತ್ತದೋ ಎಂಬುದು ಮಾತ್ರ ಅವನಿಲ್ಲದ ಆ ನಾಲ್ಕೈದು ದಿನಗಳಲ್ಲೇ ತೀರ್ಮಾನವಾಗಿರುತ್ತದೆ.

ಇದೇ ಊರುಗಳಲ್ಲಿ ಕಾರಹುಣ್ಣಿಮೆ ಹತ್ತಿರ ಬಂದಾಗ ಎತ್ತಿನ ಕೊಂಬು ಹೆರೆಸುತ್ತಿದ್ದರು. ಹೆರೆದು ನುಣುಪಾದ ಕೊಂಬಿಗಷ್ಟೇ ಬಣ್ಣ. ಹೆರೆಯದೆ ಬಣ್ಣ ಬಳಿದವನನ್ನು ಓಣಿಯವರೇ ಆಡಿಕೊಳ್ಳುತ್ತಿದ್ದರು. ಎತ್ತು ಹೋಗಿ ಟ್ರ್ಯಾಕ್ಟರ್ ಬಂದಾಗ ಬಣ್ಣದ ಹುಮ್ಮಸ್ಸು ಹಾಗೇ ಉಳಿಯಿತು, ಹೆರೆಯುವ ತಾಳ್ಮೆ ಎಲ್ಲರಲ್ಲೂ ಉಳಿಯಲಿಲ್ಲ.

ಮೊದಲು ಕೊಳೆಯನ್ನೇ ನೋಡೋಣ. ಬಹುಪಾಲು ಟ್ರ್ಯಾಕ್ಟರುಗಳಿಗೆ ಲಾರಿಗಿರುವಂಥ ಬೇರೆ ಚಾಸಿ ಇರುವುದಿಲ್ಲ. ಇಂಜಿನ್, ಕ್ಲಚ್ ಹೌಸಿಂಗ್, ಗೇರ್ ಬಾಕ್ಸ್, ಹಿಂದಿನ ಆಕ್ಸಲ್ ಇವೆಲ್ಲ ಬೀಡು ಕಬ್ಬಿಣದ ಪೆಟ್ಟಿಗೆಗಳು. ಒಂದಕ್ಕೊಂದು ಬೋಲ್ಟ್ ಹಾಕಿ ಬಿಗಿದರೆ ಅದೇ ಗಾಡಿಯ ಬೆನ್ನೆಲುಬು. ಪೆಟ್ಟಿಗೆ ಕೂಡುವ ಕಡೆಯಲ್ಲೆಲ್ಲ ಗ್ಯಾಸ್ಕೆಟ್ಟು, ಶಾಫ್ಟು ಹೊರಬರುವ ಕಡೆಯಲ್ಲೆಲ್ಲ ಆಯಿಲ್ ಸೀಲು. ಹತ್ತು ವರ್ಷ ದುಡಿದ ಗಾಡಿಯಲ್ಲಿ ಇವುಗಳಲ್ಲಿ ಕೆಲವಾದರೂ ಜಿನುಗುತ್ತಿರುತ್ತವೆ. ಜೊತೆಗೆ ಮುಂದಿನ ಆಕ್ಸಲ್ಲು, ಸ್ಟೀರಿಂಗ್ ಕೀಲು, ಪೆಡಲ್ಲಿನ ಶಾಫ್ಟು ಎಲ್ಲಕ್ಕೂ ಗ್ರೀಸ್ ನಿಪ್ಪಲ್ಲು. ಗನ್ನಿನಿಂದ ಹೊಸ ಗ್ರೀಸ್ ಒತ್ತಿದಾಗಲೆಲ್ಲ ಹಳೆಯದು ಪಕ್ಕಕ್ಕೆ ಉಕ್ಕುತ್ತದೆ. ಅದನ್ನು ಒರೆಸುವ ಡ್ರೈವರ್ ಸಾವಿರಕ್ಕೊಬ್ಬ.

ಗ್ರೀಸ್ ಎಂದರೆ ಸೋಪಿನ ಜಾಲದಲ್ಲಿ ಹಿಡಿದಿಟ್ಟ ಎಣ್ಣೆ. ಆದರೆ ಇದು ಬಟ್ಟೆ ಒಗೆಯುವ ಸೋಪಲ್ಲ, ಲಿಥಿಯಂ ಅಥವಾ ಕ್ಯಾಲ್ಸಿಯಂ ಸೋಪು. ನೀರಿಗೆ ಜಗ್ಗಬಾರದೆಂದೇ ಮಾಡಿದ್ದು. ಇದರ ಮೇಲೆ ಭತ್ತದ ಗದ್ದೆಯ ಎರೆಮಣ್ಣು ಬಂದು ಕೂರುತ್ತದೆ. ಕೇಜ್ ವೀಲ್ ಹಾಕಿ ಕೆಸರು ಹೊಡೆಯುವಾಗ ಆಕ್ಸಲ್ ಮುಳುಗುವಷ್ಟು ರಾಡಿ. ಎರೆಮಣ್ಣು ಎಣ್ಣೆಯನ್ನು ಕುಡಿಯುತ್ತದೆ, ಬಿಸಿಲಿಗೆ ಗಟ್ಟಿಯಾಗುತ್ತದೆ, ಮರುವರ್ಷ ಅದರ ಮೇಲೆ ಇನ್ನೊಂದು ಪದರ. ಹೈಡ್ರಾಲಿಕ್ ಲಿಫ್ಟಿನ ಕೆಳಗೆ, ಗೇರ್ ಬಾಕ್ಸಿನ ಪಕ್ಕೆಗಳಲ್ಲಿ ಬೆರಳು ದಪ್ಪದ ಕಪ್ಪು ಮಡ್ಡಿ ಕಟ್ಟಿರುತ್ತದೆ. ಉಳಿ ಇಟ್ಟು ಹೊಡೆದರೆ ಹೆಂಟೆ ಹೆಂಟೆಯಾಗಿ ಉದುರುತ್ತದೆ. ಕೆಲವೊಮ್ಮೆ ಒಳಗಿನಿಂದ ಎಂದೋ ಬಿದ್ದ ಲಿಂಚ್ ಪಿನ್ನು, ನಟ್ಟು, ಭತ್ತದ ಹುಲ್ಲು ಕೂಡ ಹೊರಬರುತ್ತವೆ.

ಕೆಲಸ ಶುರುವಾಗುವುದು ಬಿಚ್ಚುವುದರಿಂದ. ಬಾನೆಟ್ಟು, ಸೈಡ್ ಪ್ಯಾನೆಲ್ಲು, ಮುಂದಿನ ಗ್ರಿಲ್ಲು, ಮಡ್‌ಗಾರ್ಡು, ಹೆಡ್‌ಲೈಟು, ಬ್ಯಾಟರಿ ಎಲ್ಲ ಇಳಿಯುತ್ತವೆ. ಈಗಿನ ಹುಡುಗರು ಬಿಚ್ಚುವ ಮುಂಚೆ ವೈರಿಂಗಿನದೂ ಸ್ಟಿಕ್ಕರಿನದೂ ಮೊಬೈಲಿನಲ್ಲಿ ಫೋಟೊ ಹೊಡೆದುಕೊಳ್ಳುತ್ತಾರೆ, ಒಳ್ಳೆಯ ಅಭ್ಯಾಸ. ಆಮೇಲೆ ನೀರು ಹೋಗಬಾರದ ಬಾಯಿಗಳನ್ನೆಲ್ಲ ಮುಚ್ಚಬೇಕು: ಏರ್ ಕ್ಲೀನರಿನ ಕೊಳವೆ, ಸೈಲೆನ್ಸರ್ ತೂತು, ಗೇರ್ ಬಾಕ್ಸಿನ ಬ್ರೀದರ್, ಡೀಸೆಲ್ ಟ್ಯಾಂಕಿನ ಮುಚ್ಚಳ. ಡೈನಮೊ ಮತ್ತು ಸೆಲ್ಫ್ ಮೋಟಾರಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ದಾರ ಕಟ್ಟುತ್ತಾರೆ. ಇದೊಂದನ್ನು ಮರೆತರೆ ಬಣ್ಣದ ಖರ್ಚಿನ ಜೊತೆ ಎಲೆಕ್ಟ್ರಿಷಿಯನ್ ಖರ್ಚೂ ಸೇರಿತು ಅಂತಲೇ.

ಇಲ್ಲಿಂದ ಮುಂದಿನ ಕ್ರಮದಲ್ಲಿ ಒಂದು ಗುಟ್ಟಿದೆ. ಮೊದಲು ಜಿಡ್ಡು, ಆಮೇಲೆ ಬಣ್ಣ. ಅವಸರದವರು ನೇರವಾಗಿ ಎಮರಿ ಪೇಪರ್ ಹಿಡಿದು ಹಳೇ ಬಣ್ಣ ಉಜ್ಜತೊಡಗುತ್ತಾರೆ. ಜಿಡ್ಡಿರುವ ಮೈಯನ್ನು ಉಜ್ಜಿದರೆ ಜಿಡ್ಡು ಹೋಗುವುದಿಲ್ಲ, ಕಾಗದ ಎಬ್ಬಿಸಿದ ಸಣ್ಣ ಸಣ್ಣ ಗೀರುಗಳ ಒಳಗೆ ಹೋಗಿ ಕೂರುತ್ತದೆ. ಮೇಲೆ ನೋಡಿದರೆ ಲೋಹ ಫಳಫಳ. ಪ್ರೈಮರ್ ಬಿದ್ದಾಗ ಅಲ್ಲಲ್ಲಿ ದುಂಡಗೆ ಬಿಟ್ಟುಕೊಳ್ಳುತ್ತದೆ, ಬಣ್ಣ ಹಿಂದಕ್ಕೆ ಸರಿದು ಮೀನಿನ ಕಣ್ಣಿನಷ್ಟು ತೂತುಗಳು ಕಾಣುತ್ತವೆ. ‘ಜಿಡ್ಡು ಹೋಗ್ಲಿಲ್ಲಂದ್ರ ಬಣ್ಣ ನಿಂದ್ರಂಗಿಲ್ರಿ’ ಎನ್ನುವುದು ಶೆಡ್ಡಿನ ಮಾತು. ಕನ್ನಡ, ತೆಲುಗು, ಉರ್ದು ಮೂರೂ ಬೆರೆತು ಓಡಾಡುವ ಈ ಕ್ಯಾಂಪುಗಳ ಸೀಮೆಯಲ್ಲಿ ಈ ಒಂದು ಮಾತು ಮೂರು ಭಾಷೆಯಲ್ಲೂ ಕೇಳಿಸುತ್ತದೆ.

ಮಡ್ಡಿ ಕೆರೆಯಲು ವಿಶೇಷ ಸಾಮಾನೇನೂ ಇಲ್ಲ. ಮುರಿದ ಪಟ್ಟಾದ ತುಂಡನ್ನು ಗ್ರೈಂಡರಿಗೆ ಹಿಡಿದು ಅಂಚು ಮಾಡಿಕೊಂಡದ್ದು, ಹಳೇ ಹ್ಯಾಕ್ಸಾ ಬ್ಲೇಡು, ಪುಟ್ಟಿ ಎಳೆಯುವ ಪಟ್ಟಿ. ತಗಡಿನ ಮೇಲೆ ಮಾತ್ರ ಕಬ್ಬಿಣ ಆಡಿಸುವುದಿಲ್ಲ, ಮರದ ಚಕ್ಕೆ ಸಾಕು. ದಪ್ಪನೆಯದು ಹೋದ ಮೇಲೆ ಡೀಸೆಲ್ ಬಳಿದು ನೆನೆಯಲು ಬಿಡುತ್ತಾರೆ. ಹಿಂದೆ ಸೀಮೆಎಣ್ಣೆ ಬಳಸುತ್ತಿದ್ದರು. ಪಡಿತರದ ನೀಲಿ ಸೀಮೆಎಣ್ಣೆ ಅಪರೂಪವಾದ ಮೇಲೆ ಟ್ಯಾಂಕಿನ ಡೀಸೆಲ್ಲೇ ಗತಿ. ಪೆಟ್ರೋಲ್ ಬೇಗ ಬಿಡಿಸುತ್ತದೆ, ನಿಜ. ಆದರೆ ಅದರ ಆವಿ ಎಂಥ ಚಳಿಯಲ್ಲೂ ಕಿಡಿಗೆ ಕಾದಿರುತ್ತದೆ. ಒಂದು ಬ್ಯಾಟರಿ ವೈರು ತಾಕಿದರೆ, ಪಕ್ಕದಲ್ಲಿ ಯಾರೋ ಬೀಡಿ ಹಚ್ಚಿದರೆ ಮುಗಿಯಿತು. ಬುದ್ಧಿವಂತ ಮೇಸ್ತ್ರಿಗಳು ಪೆಟ್ರೋಲ್ ಡಬ್ಬಿಯನ್ನು ಶೆಡ್ಡಿನೊಳಕ್ಕೇ ಬಿಡುವುದಿಲ್ಲ.

ಡೀಸೆಲ್ಲಿನಲ್ಲಿ ಜಿಡ್ಡು ಕರಗಿತು ಎಂದರೆ ಅರ್ಧ ಕೆಲಸ. ಡೀಸೆಲ್ ತಾನೂ ಎಣ್ಣೆಯೇ, ತನ್ನದೊಂದು ತೆಳು ಪೊರೆ ಬಿಟ್ಟೇ ಹೋಗುತ್ತದೆ. ಅದನ್ನು ತೆಗೆಯಲು ವಾಷಿಂಗ್ ಸೋಡಾ, ಸೋಪಿನ ಪುಡಿ ಹಾಕಿದ ಬಿಸಿನೀರು, ತೆಂಗಿನ ನಾರು ಅಥವಾ ಪ್ಲಾಸ್ಟಿಕ್ ಬ್ರಷ್ಷು. ಬರೀ ವಾಟರ್ ಸರ್ವೀಸಿನ ಜೋರಿಗೆ ಜಿಡ್ಡು ಹೋಗುತ್ತದೆಂದು ನಂಬಿದವರು ಬಹಳ. ಪಂಪಿನ ಒತ್ತಡ ಮಣ್ಣನ್ನು ಹಾರಿಸುತ್ತದೆ, ಎಣ್ಣೆಯನ್ನು ಪಕ್ಕಕ್ಕೆ ತಳ್ಳುತ್ತದೆ ಅಷ್ಟೆ. ಸೀಲಿನ ಬಾಯಿಗೆ ಹಿಡಿದರೆ ನೀರನ್ನು ಒಳಕ್ಕೂ ನುಗ್ಗಿಸುತ್ತದೆ.

ಈ ತೊಳೆತದ ನಡುವೆ ಇನ್ನೊಂದು ಕೆಲಸ ತಾನಾಗಿ ಆಗುತ್ತದೆ. ಮಡ್ಡಿಯ ಕೆಳಗೆ ಅಡಗಿದ್ದ ಸೋರಿಕೆಗಳು ಬಯಲಾಗುತ್ತವೆ. ಎಲ್ಲ ಕಡೆ ಕಪ್ಪಗಿದ್ದಾಗ ಎಣ್ಣೆ ಎಲ್ಲಿಂದ ಬರುತ್ತಿದೆ ಎಂದು ಬ್ರಹ್ಮನಿಗೂ ಹೇಳಲಾಗದು. ತೊಳೆದು ಒಣಗಿಸಿ, ಅನುಮಾನದ ಜಾಗಕ್ಕೆ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ, ಇಂಜಿನ್ ಚಾಲೂ ಮಾಡಿ ಒಂದರ್ಧ ಗಂಟೆ ಬಿಟ್ಟರೆ ಬಿಳಿಯ ಮೇಲೆ ಕಂದು ಗೆರೆ ಮೂಡುತ್ತದೆ. ಅಲ್ಲೇ ಗ್ಯಾಸ್ಕೆಟ್ ಹೋಗಿದೆ, ಅಲ್ಲೇ ಸೀಲು ಸವೆದಿದೆ. ಅದನ್ನು ಸರಿಪಡಿಸದೆ ಬಣ್ಣ ಹೊಡೆಯುವುದು ದುಡ್ಡನ್ನು ಕಾಲುವೆಗೆ ಎಸೆದ ಹಾಗೆ. ಒಳ್ಳೆಯ ಶೆಡ್ಡಿನವರು ಇಲ್ಲಿ ಕೆಲಸ ನಿಲ್ಲಿಸಿ ಮಾಲೀಕನಿಗೆ ಫೋನ್ ಮಾಡುತ್ತಾರೆ. ಎಲ್ಲರೂ ಮಾಡುವುದಿಲ್ಲ, ಎಲ್ಲ ಮಾಲೀಕರೂ ಒಪ್ಪುವುದೂ ಇಲ್ಲ.

ತೊಳೆದ ಗಾಡಿಯ ಮೈಮೇಲೆ ಹಳೇ ಹೆಸರುಗಳೂ ಎದ್ದು ಕಾಣುತ್ತವೆ. ಡೀಸೆಲ್ ಪಂಪಿನ ಮೇಲಿನ ಸಣ್ಣ ಫಲಕದಲ್ಲಿ ‘ಮೈಕೋ’ ಎಂದಿದ್ದರೆ ಅದು ಬೆಂಗಳೂರಿನ ಸರಕು. 1951ರಲ್ಲಿ ಶುರುವಾಗಿ ಆಡುಗೋಡಿಯ ಕಾರ್ಖಾನೆಯಿಂದ ದೇಶಕ್ಕೆಲ್ಲ ಇಂಜೆಕ್ಷನ್ ಪಂಪು ಕೊಟ್ಟ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಬೀಡಿನ ಮೇಲೆ ಎಚ್‌ಎಂಟಿ ಎಂದಿದ್ದರೆ ಆ ಗಾಡಿ ಬೆಂಗಳೂರು ಮೂಲದ ಸರ್ಕಾರಿ ಕಂಪನಿಯದಾದರೂ ಹುಟ್ಟಿದ್ದು ಹರಿಯಾಣದ ಪಿಂಜೋರಿನಲ್ಲಿ. ಚೆಕೊಸ್ಲೊವಾಕಿಯಾದ ಜೆಟಾರ್ ಜೊತೆ ಕೈಜೋಡಿಸಿ 1971ರಿಂದ ಅಲ್ಲಿ ಟ್ರ್ಯಾಕ್ಟರ್ ಕಟ್ಟಿದರು. 2016ರಲ್ಲಿ ಆ ವಿಭಾಗ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿ 1960ರ ದಶಕದಲ್ಲಿ ಮಹೀಂದ್ರ ತಂದ ಬಿ-275, ಫರೀದಾಬಾದಿನ ಎಸ್ಕಾರ್ಟ್ಸ್‌ನ ನೀಲಿ ಫೋರ್ಡು, ಟಾಫೆಯ ಕೆಂಪು ಮ್ಯಾಸ್ಸಿ 1035 ಇವೆಲ್ಲ ಮೂರು ನಾಲ್ಕು ಕೈ ಬದಲಾಗಿ ಇಂದಿಗೂ ತೋಟ, ಇಟ್ಟಿಗೆ ಭಟ್ಟಿ, ನೀರಿನ ಟ್ಯಾಂಕರುಗಳಿಗೆ ದುಡಿಯುತ್ತಿವೆ. ಮಡ್‌ಗಾರ್ಡಿನ ಅಂಚನ್ನು ಉಜ್ಜಿದರೆ ಮೇಲಿನ ಕೆಂಪಿನ ಕೆಳಗೆ ಇನ್ನೊಂದು ಕೆಂಪು, ಅದರ ಕೆಳಗೆ ಯಾರೋ ಮೆಚ್ಚಿ ಹೊಡೆಸಿದ ಹಸಿರು, ಎಲ್ಲಕ್ಕೂ ಕೆಳಗೆ ಕಾರ್ಖಾನೆಯ ಬಣ್ಣ. ಪ್ರತಿ ಮಾಲೀಕನೂ ತನ್ನದೊಂದು ಪದರ ಹಾಕಿಹೋಗಿರುತ್ತಾನೆ.

ಇಲ್ಲಿ ಒಂದು ಎಚ್ಚರಿಕೆ. ಆರ್‌ಸಿಯಲ್ಲಿ ಗಾಡಿಯ ಬಣ್ಣವೂ ದಾಖಲಾಗಿರುತ್ತದೆ. ಕೆಂಪನ್ನು ನೀಲಿ ಮಾಡಿದರೆ ಆರ್‌ಟಿಒ ಕಚೇರಿಯಲ್ಲಿ ತಿದ್ದಿಸಬೇಕು. ಅದಕ್ಕಿಂತ ದೊಡ್ಡ ತಾಪತ್ರಯ ಇಂಜಿನ್ ನಂಬರು, ಚಾಸಿ ನಂಬರಿನದು. ಬೀಡಿನ ಮೇಲೆ ಹೊಡೆದ ಆ ಅಂಕಿಗಳ ಮೇಲೆ ಗ್ರೈಂಡರ್ ಆಡಿಸಿದರೆ, ಅಥವಾ ಅದರ ಮೇಲೆ ಪುಟ್ಟಿ ಎಳೆದರೆ, ನಾಳೆ ಗಾಡಿ ಮಾರುವಾಗ ಕಳ್ಳಮಾಲಿನ ಅನುಮಾನ ಬರುತ್ತದೆ. ಅನುಭವಸ್ಥರು ಆ ಜಾಗವನ್ನು ಡೀಸೆಲ್ ಬಟ್ಟೆಯಲ್ಲಿ ಒರೆಸಿ, ಟೇಪ್ ಅಂಟಿಸಿ, ಕೊನೆಗೆ ಕೈಬ್ರಷ್ಷಿನಲ್ಲಿ ತೆಳ್ಳಗೆ ಒಂದು ಕೈ ಎಳೆಯುತ್ತಾರೆ.

ಇನ್ನು ಹಳೇ ಬಣ್ಣ. ಎಲ್ಲವನ್ನೂ ಕಿತ್ತು ಲೋಹ ಕಾಣಿಸಲೇಬೇಕೇ? ಬೇಡ. ಗಟ್ಟಿಯಾಗಿ ಕಚ್ಚಿಕೊಂಡ ಕಾರ್ಖಾನೆ ಬಣ್ಣಕ್ಕಿಂತ ಒಳ್ಳೆಯ ತಳಪಾಯ ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ. ಅದನ್ನು ವಾಟರ್ ಪೇಪರಿನಲ್ಲಿ ಮಂಕು ಮಾಡಿದರೆ ಸಾಕು. ಎದ್ದು ಬರುತ್ತಿರುವುದು, ಕೆಳಗೆ ತುಕ್ಕು ಹಿಡಿದದ್ದು, ಪದರದ ಮೇಲೆ ಪದರ ಬಿದ್ದು ದಪ್ಪಗಾದದ್ದು ಮಾತ್ರ ಹೋಗಬೇಕು. ಇನ್ನೊಂದು ಸಂದರ್ಭವೂ ಇದೆ. ಕೆಳಗಿರುವ ಬಣ್ಣಕ್ಕೂ ಮೇಲೆ ಹೊಡೆಯುವ ಬಣ್ಣಕ್ಕೂ ಆಗಿಬರದಿದ್ದರೆ ಕೆಳಗಿನದನ್ನು ತೆಗೆಯಲೇಬೇಕು.

ಅದನ್ನು ತಿಳಿಯುವ ಪರೀಕ್ಷೆ ಬಲು ಸರಳ. ಬನಿಯನ್ ವೇಸ್ಟಿನ ತುಂಡಿಗೆ ಥಿನ್ನರ್ ಹಾಕಿ ಬಾನೆಟ್ಟಿನ ಒಳಮೂಲೆಯಲ್ಲಿ ಒಂದು ನಿಮಿಷ ಒತ್ತಿ ಹಿಡಿಯಬೇಕು. ಬಟ್ಟೆಗೆ ಬಣ್ಣ ಇಳಿದು ಬಂದರೆ ಅದು ಎನ್‌ಸಿ, ಅಂದರೆ ನೈಟ್ರೊಸೆಲ್ಯುಲೋಸ್ ಬಣ್ಣ. 1920ರ ದಶಕದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ಕಾರುಗಳಿಗೆಂದು ತಂದ ‘ಡ್ಯೂಕೋ’ ಈ ಜಾತಿಯದೇ; ನಮ್ಮ ಪೇಂಟರುಗಳು ಇವತ್ತಿಗೂ ಗನ್ನಿನಿಂದ ಹೊಡೆಯುವ ಯಾವ ಬಣ್ಣವನ್ನಾದರೂ ಡ್ಯೂಕೋ ಎಂದೇ ಕರೆಯುವುದುಂಟು. ಬಣ್ಣ ಇಳಿಯದೆ ಸುಕ್ಕುಗಟ್ಟಿದರೆ ಅದು ಎನಾಮಲ್ಲು. ಏನೂ ಆಗದಿದ್ದರೆ ಒಲೆಯಲ್ಲಿ ಬೇಯಿಸಿದ ಕಾರ್ಖಾನೆ ಬಣ್ಣವೋ ಎರಡು ಡಬ್ಬಿ ಬೆರೆಸಿ ಹೊಡೆದ ಪಿಯು ಬಣ್ಣವೋ ಇರಬೇಕು. ಎನಾಮಲ್ಲಿನ ಮೇಲೆ ಗೊತ್ತಿಲ್ಲದೆ ಎನ್‌ಸಿ ಹೊಡೆದರೆ ಅದರ ಥಿನ್ನರು ಕೆಳಗಿನ ಪದರವನ್ನು ಎಬ್ಬಿಸಿ, ಹೊಡೆದ ಅರ್ಧ ಗಂಟೆಯೊಳಗೆ ಇಡೀ ಬಾನೆಟ್ ಸುಕ್ಕು ಸುಕ್ಕು. ಮತ್ತೆ ಮೊದಲಿನಿಂದ ಶುರು.

ಬೀಡಿನ ಭಾಗಗಳಿಗೆ ಗ್ರೈಂಡರಿಗೆ ಹಾಕುವ ವೈರ್ ಕಪ್ ಬ್ರಷ್ಷೇ ಮುಖ್ಯ ಆಯುಧ. ನಿಮಿಷಕ್ಕೆ 10,000ಕ್ಕೂ ಹೆಚ್ಚು ಸುತ್ತು ತಿರುಗುವ ಈ ಬ್ರಷ್ಷಿನಿಂದ ಆಗಾಗ ತಂತಿ ಕಳಚಿ ಹಾರುತ್ತದೆ. ಅಂಗಿಯನ್ನೂ ತೂರಿ ಹೊಟ್ಟೆಗೆ ಚುಚ್ಚುವಷ್ಟು ವೇಗ. ಕಣ್ಣಿನ ಮಾತು ಹೇಳುವುದೇ ಬೇಡ. ಕನ್ನಡಕ ಗೋಡೆಯ ಮೊಳೆಗೆ ನೇತುಬಿದ್ದಿರುತ್ತದೆ, ಹಾಕಿಕೊಂಡವರು ಕಡಿಮೆ. ಇದರ ಇನ್ನೊಂದು ಐಬು ಕೆಲಸದ್ದೇ. ತಂತಿ ಲೋಹವನ್ನು ಉಜ್ಜಿ ಉಜ್ಜಿ ಹೊಳಪು ಮಾಡಿಬಿಡುತ್ತದೆ, ಅಷ್ಟು ನುಣುಪಾದ ಮೈಗೆ ಪ್ರೈಮರ್ ಕಚ್ಚಿಕೊಳ್ಳುವುದಿಲ್ಲ. ಹಾಗಾಗಿ ಬ್ರಷ್ ಆದ ಮೇಲೆ 80ರ ಅಥವಾ 120ರ ಕಾಗದದಲ್ಲಿ ಒಂದು ಸುತ್ತು ಒರಟು ಮಾಡಲೇಬೇಕು.

ತಗಡಿನ ಬಾನೆಟ್ಟಿಗೆ ಪೇಂಟ್ ರಿಮೂವರ್. ಜೆಲ್ಲಿಯಂಥ ಈ ದ್ರವವನ್ನು ಬ್ರಷ್ಷಿನಲ್ಲಿ ದಪ್ಪಗೆ, ಒಂದೇ ದಿಕ್ಕಿಗೆ ಎಳೆದು ಬಿಡಬೇಕು. ಗೋಡೆಗೆ ಸುಣ್ಣ ಹೊಡೆಯುವ ಅಭ್ಯಾಸದವರು ಹಿಂದೆ ಮುಂದೆ ಆಡಿಸುತ್ತಾರೆ, ಅದರಿಂದ ಆವಿಯೆಲ್ಲ ಹಾರಿಹೋಗುತ್ತದೆ. ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಹದಿನೈದು ಇಪ್ಪತ್ತು ನಿಮಿಷ ಬಿಟ್ಟರೆ ಬಣ್ಣ ಉಬ್ಬಿ, ಗುಳ್ಳೆಯೆದ್ದು, ಪಟ್ಟಿ ತಾಗಿಸಿದರೆ ಪೊರೆ ಪೊರೆಯಾಗಿ ಕಳಚುತ್ತದೆ. ನೋಡಲು ಚೆಂದದ ಕೆಲಸ. ಬೇಗ ಆರದಿರಲೆಂದು ರಿಮೂವರಿನಲ್ಲಿ ಮೇಣ ಬೆರೆಸಿರುತ್ತಾರೆ. ಬಣ್ಣ ಹೋದ ಮೇಲೆ ಆ ಮೇಣ ತಗಡಿನ ಮೇಲೆ ಉಳಿಯುತ್ತದೆ, ಥಿನ್ನರಿನಲ್ಲಿ ಎರಡು ಸಲ ಒರೆಸದಿದ್ದರೆ ಹೊಸ ಬಣ್ಣಕ್ಕೆ ಅದೇ ಶತ್ರು.

ಅನೇಕ ರಿಮೂವರುಗಳ ಕಸುವು ಮೆಥಿಲೀನ್ ಕ್ಲೋರೈಡಿನದು. ಸುಮಾರು 40 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವ ದ್ರವ ಅದು. ರಾಯಚೂರು ಕಡೆಯ ಮೇ ತಿಂಗಳ ಮಧ್ಯಾಹ್ನ ಎಂದರೆ ಗಾಳಿಯೇ ಅಷ್ಟು ಬಿಸಿ, ಬಿಸಿಲಲ್ಲಿ ನಿಂತ ಬಾನೆಟ್ಟು ಇನ್ನೂ ಬಿಸಿ. ಬಳಿದದ್ದು ಕೆಲಸ ಮಾಡುವ ಮುಂಚೆಯೇ ಆವಿಯಾಗಿ ಉಜ್ಜುವವನ ಮೂಗಿಗೆ ಹೋಗುತ್ತದೆ. ಈ ಆವಿ ಗಾಳಿಗಿಂತ ಭಾರ, ಗ್ಯಾರೇಜಿನ ಗುಂಡಿಯಲ್ಲಿ, ಮುಚ್ಚಿದ ಶೆಡ್ಡಿನ ನೆಲಮಟ್ಟದಲ್ಲಿ ನಿಲ್ಲುತ್ತದೆ. ಉಸಿರಿಗೆ ಸೇರಿದ ಮೇಲೆ ದೇಹ ಅದರ ಒಂದು ಪಾಲನ್ನು ಕಾರ್ಬನ್ ಮೊನಾಕ್ಸೈಡ್ ಆಗಿ ಬದಲಿಸುತ್ತದೆ. ತಲೆಸುತ್ತು ಬಂದರೆ ‘ಬಿಸಿಲಿಗೆ ಹಂಗಾಗೇತಿ’ ಎಂದುಕೊಳ್ಳುವ ಹುಡುಗನಿಗೆ ನಿಜವಾಗಿ ಆಗುತ್ತಿರುವುದು ಅದು. ಇದರಿಂದ ಸಾವುಗಳಾದ ಮೇಲೆ ಅಮೆರಿಕ 2019ರಲ್ಲಿ ಜನಸಾಮಾನ್ಯರಿಗೆ ಇಂಥ ರಿಮೂವರ್ ಮಾರುವುದನ್ನು ನಿಷೇಧಿಸಿತು, 2024ರಲ್ಲಿ ನಿಷೇಧವನ್ನು ಇನ್ನಷ್ಟು ಬಳಕೆಗಳಿಗೆ ಹಿಗ್ಗಿಸಿತು. ಯುರೋಪಿನವರು ಅದಕ್ಕೂ ಮುಂಚೆಯೇ ಕೈಬಿಟ್ಟಿದ್ದರು. ಬಳಸಲೇಬೇಕಿದ್ದರೆ ಬೆಳಗಿನ ತಂಪು ಹೊತ್ತಿನಲ್ಲಿ, ಬಯಲಲ್ಲಿ, ನೆರಳಲ್ಲಿ, ಕೈಗೆ ದಪ್ಪ ಗ್ಲೌಸು ಹಾಕಿಕೊಂಡು. ಕರ್ಚೀಫು ಧೂಳನ್ನೇ ಪೂರ್ತಿ ತಡೆಯುವುದಿಲ್ಲ, ಆವಿಯನ್ನಂತೂ ತಡೆಯುವುದೇ ಇಲ್ಲ.

ರಿಮೂವರಿಗೆ ದುಡ್ಡು ಸುರಿಯಲಾಗದ ಶೆಡ್ಡುಗಳಲ್ಲಿ ಕಾಸ್ಟಿಕ್ ಸೋಡಾ. ಎನಾಮಲ್ ಬಣ್ಣದ ಜೀವಾಳ ಎಣ್ಣೆ; ಎಣ್ಣೆಗೆ ಕಾಸ್ಟಿಕ್ ಸೇರಿದರೆ ಸೋಪು. ಕಾಸ್ಟಿಕ್ ಕರಗಿಸಿದ ಬಕೆಟ್ಟಿನ ನೀರಿನಲ್ಲಿ ಗ್ರಿಲ್ಲು, ಬ್ರಾಕೆಟ್ಟು, ಪೆಡಲ್ಲುಗಳನ್ನು ರಾತ್ರಿಯಿಡೀ ಮುಳುಗಿಸಿಟ್ಟರೆ ಬೆಳಿಗ್ಗೆ ಹಳೇ ಎನಾಮಲ್ಲು ಜಾರುವ ಲೋಳೆಯಾಗಿರುತ್ತದೆ, ಗ್ರೀಸೂ ಸಡಿಲವಾಗಿರುತ್ತದೆ. ಒಂದೇ ಏಟಿಗೆ ಎರಡು ಕೆಲಸ. ಆದರೆ ಕಾಸ್ಟಿಕ್ಕಿಗೆ ಚರ್ಮವೂ ಒಂದೇ, ಬಣ್ಣವೂ ಒಂದೇ. ಯಾವಾಗಲೂ ನೀರಿಗೆ ಸೋಡಾವನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು. ಸೋಡಾದ ಮೇಲೆ ನೀರು ಹೊಯ್ದರೆ ಕೊತಕೊತ ಕುದಿದು ಮುಖಕ್ಕೆ ಹಾರುತ್ತದೆ. ಅಲ್ಯುಮಿನಿಯಂ ಅಂತೂ ಅದರ ಹತ್ತಿರ ಸುಳಿಯಬಾರದು. ಡೈನಮೊದ ಮೈ, ಮೇಲೆ ಹೇಳಿದ ಡೀಸೆಲ್ ಪಂಪಿನ ಮೈ ಅಲ್ಯುಮಿನಿಯಂ ಮಿಶ್ರಲೋಹದ್ದಾಗಿದ್ದರೆ ಕಾಸ್ಟಿಕ್ ಅದನ್ನು ನೊರೆಯೆಬ್ಬಿಸಿ ತಿನ್ನುತ್ತದೆ, ಜೊತೆಗೆ ಹೊತ್ತಿಕೊಳ್ಳುವ ಹೈಡ್ರೋಜನ್ ಬಿಡುತ್ತದೆ. ತಗಡಿನ ಮಡಿಕೆಗಳಲ್ಲಿ ಉಳಿದ ಒಂದೆರಡು ಹನಿ ಕಾಸ್ಟಿಕ್ ತಿಂಗಳಾದ ಮೇಲೆ ಹೊಸ ಎನಾಮಲ್ಲನ್ನೂ ಸೋಪು ಮಾಡುತ್ತದೆ. ಅದಕ್ಕೇ ಬಾನೆಟ್ಟಿಗೆ ಇದು ಬೇಡ ಎನ್ನುವುದು ನನ್ನ ಅಭಿಪ್ರಾಯ.

ತುಕ್ಕು ಹೆಚ್ಚಿರುವ ಸಣ್ಣ ಭಾಗಗಳಿಗೆ ಇನ್ನೊಂದು ಉಪಾಯವಿದೆ. ಅದನ್ನು ಮಾಡುವವರು ನಮ್ಮಲ್ಲಿ ಕಡಿಮೆ, ಖರ್ಚೂ ಕಡಿಮೆ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ವಾಷಿಂಗ್ ಸೋಡಾ ಕರಗಿಸಿದ ನೀರು. ಬ್ಯಾಟರಿ ಚಾರ್ಜರಿನ ಮೈನಸ್ ಕ್ಲಿಪ್ಪು ತುಕ್ಕು ಹಿಡಿದ ಭಾಗಕ್ಕೆ, ಪ್ಲಸ್ಸು ಗುಜರಿ ಕಬ್ಬಿಣದ ಪಟ್ಟಿಗೆ. ಎರಡೂ ಒಂದಕ್ಕೊಂದು ತಾಗದಂತೆ ಇಳಿಬಿಟ್ಟು ರಾತ್ರಿ ಬಿಟ್ಟರೆ ತುಕ್ಕು ಕರಿ ಪುಡಿಯಾಗಿ ಸಡಿಲವಾಗುತ್ತದೆ, ಬಣ್ಣವೂ ಹಾಳೆಯಾಗಿ ಬಿಡುತ್ತದೆ, ಒಳ್ಳೆಯ ಲೋಹ ಸವೆಯುವುದಿಲ್ಲ. ಗುಳ್ಳೆಯಾಗಿ ಬರುವುದು ಹೈಡ್ರೋಜನ್, ಹಾಗಾಗಿ ಬಯಲಲ್ಲೇ ಇಡಬೇಕು. ಪ್ಲಸ್ಸಿಗೆ ಸ್ಟೀಲಿನ ತಟ್ಟೆ ಲೋಟ ಕಟ್ಟುವ ಜಾಣತನ ಬೇಡ. ಸ್ಟೇನ್‌ಲೆಸ್ ಸ್ಟೀಲಿನಿಂದ ನೀರಿಗೆ ಇಳಿಯುವ ಕ್ರೋಮಿಯಂ ವಿಷ.

ಮರಳಿನ ಬ್ಲಾಸ್ಟಿಂಗ್ ದೊಡ್ಡ ಊರುಗಳಲ್ಲಿ ಸಿಗುತ್ತದೆ. ಬೀಡಿಗೆ ಒಳ್ಳೆಯದು, ತಗಡನ್ನು ಡೊಂಕು ಮಾಡುತ್ತದೆ. ಹೊಳೆಮರಳು ಹಾರಿಸಿದರೆ ಸಿಲಿಕಾ ಧೂಳು ಪುಪ್ಪುಸಕ್ಕೆ ಸೇರಿ ಸಿಲಿಕೋಸಿಸ್ ತರುತ್ತದೆ, ಅದಕ್ಕೆ ಮದ್ದಿಲ್ಲ. ಬ್ಲೋ ಲ್ಯಾಂಪ್ ಹಿಡಿದು ಬಣ್ಣ ಸುಡುವ ಹಳೇ ಪದ್ಧತಿ ಇನ್ನೂ ಅಲ್ಲಲ್ಲಿ ಇದೆ. ಡೀಸೆಲ್ ಟ್ಯಾಂಕಿನ ಹತ್ತಿರ ಅದನ್ನು ತರುವವನಿಗೆ ಏನು ಹೇಳುವುದು?

ಸುಡುವುದಾಗಲಿ ಒಣಗಾಗದದಲ್ಲಿ ಉಜ್ಜುವುದಾಗಲಿ ಬೇಡವೆನ್ನಲು ಇನ್ನೊಂದು ಕಾರಣವಿದೆ. ಹಳೇ ಕೆಂಪು, ಕಿತ್ತಳೆ, ಹಳದಿ ಬಣ್ಣಗಳಲ್ಲಿ ಸೀಸದ ಕ್ರೋಮೇಟ್ ಇರುವ ಸಾಧ್ಯತೆ ಹೆಚ್ಚು, ಹಳೇ ಕೆಂಪು ಪ್ರೈಮರಿನಲ್ಲಿ ಸೀಸದ ಆಕ್ಸೈಡ್ ಇದ್ದೀತು. ಭಾರತದಲ್ಲಿ ಬಣ್ಣದ ಸೀಸಕ್ಕೆ 90 ಪಿಪಿಎಂ ಮಿತಿ ಹಾಕಿದ ನಿಯಮ 2016ರಲ್ಲಿ ಬಂದು 2017ರ ನವೆಂಬರಿನಿಂದ ಜಾರಿಯಾಯಿತು. ಆದರೆ ಅದು ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳಿಗೆ ಮಾತ್ರ. ಯಂತ್ರಗಳಿಗೆ ಹೊಡೆಯುವ ಕೈಗಾರಿಕಾ ಬಣ್ಣಗಳು ಅದರ ಹೊರಗುಳಿದವು. ಸೀಸದ ಹಾವಳಿಯ ಬಗ್ಗೆ ದೇಶಕ್ಕೆ ಮೊದಲು ಎಚ್ಚರ ಹೇಳಿದವರಲ್ಲಿ ಒಬ್ಬರು ನಮ್ಮವರೇ, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ತುಪ್ಪಿಲ್ ವೆಂಕಟೇಶ್. ಶೆಡ್ಡಿನ ಮಟ್ಟಿಗೆ ಮಾಡಬಹುದಾದದ್ದು ಕಷ್ಟದ್ದೇನಲ್ಲ: ನೀರು ಹಾಕಿ ಉಜ್ಜುವುದು, ಊಟಕ್ಕೆ ಮುಂಚೆ ಕೈ ತೊಳೆಯುವುದು, ಆ ಬಟ್ಟೆಯಲ್ಲೇ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳದಿರುವುದು, ಕೆರೆದ ಚಕ್ಕೆಯನ್ನು ಗುಡಿಸಿ ಡಬ್ಬಿಗೆ ತುಂಬುವುದು. ಈಗ ಅದು ಡೀಸೆಲ್ ನೀರಿನ ಜೊತೆ ಪಕ್ಕದ ಚರಂಡಿಗೆ, ಅಲ್ಲಿಂದ ಹಳ್ಳಕ್ಕೆ ಹೋಗುತ್ತಿದೆ.

ಬಣ್ಣ ಹೋಯಿತು, ಜಿಡ್ಡು ಹೋಯಿತು. ನಿಜವಾಗಿ ಹೋಗಿದೆಯೇ ಎಂದು ನೋಡಲು ಮಗ್ಗಿನಲ್ಲಿ ಒಳ್ಳೆಯ ನೀರು ತಂದು ಬಾನೆಟ್ಟಿನ ಮೇಲೆ ನಿಧಾನ ಹೊಯ್ಯುತ್ತಾರೆ. ನೀರು ಒಡೆಯದೆ ಒಂದೇ ಪರದೆಯಾಗಿ ಹರಡಿ ಇಳಿದರೆ ಲೋಹ ಶುದ್ಧ. ಎಲ್ಲಾದರೂ ಹಿಂದೆ ಸರಿದು ಹನಿ ಹನಿಯಾಗಿ ನಿಂತರೆ ಅಲ್ಲಿ ಇನ್ನೂ ಜಿಡ್ಡಿದೆ, ಕಣ್ಣಿಗೆ ಕಾಣದಷ್ಟು ತೆಳ್ಳಗೆ. ಆ ಜಾಗಕ್ಕೆ ಮತ್ತೆ ಸೋಡಾನೀರು. ಇಡೀ ಕೆಲಸದಲ್ಲಿ ನನಗೆ ಇಷ್ಟವಾದದ್ದು ಈ ಪರೀಕ್ಷೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಸುಳ್ಳು ಹೇಳಲೂ ಬರುವುದಿಲ್ಲ.

ಆಮೇಲೆ ಅವಸರವೋ ಅವಸರ. ಬತ್ತಲೆ ಲೋಹ ಗಾಳಿಗೆ ಬಿದ್ದ ಕ್ಷಣದಿಂದ ತುಕ್ಕು ಶುರು. ಒಣಹವೆಯ ನಾಡಾದ್ದರಿಂದ ಇಲ್ಲಿ ಸ್ವಲ್ಪ ಪುರುಸೊತ್ತಿದೆ, ಕರಾವಳಿಯಲ್ಲಾದರೆ ಗಂಟೆಗಳ ಲೆಕ್ಕ. ಬೆವರಿನ ಕೈಯಲ್ಲಿ ಮುಟ್ಟಿದರೆ ಮರುದಿನ ಐದು ಬೆರಳೂ ಕಂದಾಗಿ ಮೂಡಿರುತ್ತವೆ. ಹಾಗಾಗಿ ಒಣಗಿಸಿ, ಥಿನ್ನರಿನ ಹೊಸ ಬಟ್ಟೆಯಲ್ಲಿ ಒರೆಸಿ, ಅದೇ ದಿನ ಪ್ರೈಮರ್ ಹೊಡೆಯಬೇಕು. ಮುಂದಿನದು ಪೇಂಟರನ ಪಾಲು.

ಈ ಲೆಕ್ಕದಲ್ಲಿ ಒಂದು ಅನ್ಯಾಯ ಇದೆ. ಮಾಲೀಕ ವಿಚಾರಿಸುವುದು ಬಣ್ಣ ಯಾವ ಕಂಪನಿಯದು, ಎಷ್ಟು ಲೀಟರ್, ಸ್ಟಿಕ್ಕರ್ ಒರಿಜಿನಲ್ಲೇ ಎಂದು. ಬಿಲ್ಲಿನಲ್ಲಿ ಕಾಣುವುದೂ ಅಷ್ಟೇ. ಉಜ್ಜಿದ ನಾಲ್ಕು ದಿನಕ್ಕೆ ಬೇರೆ ದರವಿಲ್ಲ, ಅದು ‘ಪೇಂಟಿಂಗ್ ಚಾರ್ಜಿ’ನಲ್ಲಿ ಸೇರಿಹೋಗುತ್ತದೆ. ಹಾಗಾಗಿ ಚೌಕಾಸಿಯ ಏಟು ಮೊದಲು ಬೀಳುವುದು ಅದರ ಮೇಲೆ. ಎರಡು ಸಾವಿರ ಕಡಿಮೆ ಮಾಡಿ ಎಂದರೆ ಯಾವ ಮೇಸ್ತ್ರಿಯೂ ಬಣ್ಣದ ಡಬ್ಬಿ ಕಡಿಮೆ ಮಾಡುವುದಿಲ್ಲ, ಒಂದು ದಿನದ ತೊಳೆತ ಕಡಿಮೆ ಮಾಡುತ್ತಾನೆ. ಉಜ್ಜುವ ಕೆಲಸ ಬೀಳುವುದೂ ಶೆಡ್ಡಿಗೆ ಹೊಸದಾಗಿ ಸೇರಿದ, ಎಲ್ಲರಿಗಿಂತ ಸಣ್ಣ ಹುಡುಗನ ಮೇಲೆ. ಗನ್ ಅವನ ಕೈಗೆ ಬರಲು ವರ್ಷಗಳು ಬೇಕು. ಬಂದ ಮೇಲೆ ಅವನೂ ಬ್ರಷ್ ಮುಟ್ಟುವುದಿಲ್ಲ. ಬಿಲ್ಲಿನಲ್ಲಿ ತೊಳೆಯುವುದಕ್ಕೆ ಬೇರೆ ಸಾಲು ಬರೆದು, ಗ್ಲೌಸು ಕನ್ನಡಕದ ದುಡ್ಡನ್ನೂ ಅದರಲ್ಲೇ ಸೇರಿಸಿ ಕೇಳುವ ಶೆಡ್ಡು ಸಿಕ್ಕರೆ ರೈತರು ಅಲ್ಲಿಗೇ ಹೋಗಬೇಕು, ನಾಲ್ಕು ಕಾಸು ಹೆಚ್ಚಾದರೂ.

ಹಳೇ ಟ್ರ್ಯಾಕ್ಟರ್ ಕೊಳ್ಳುವ ವ್ಯಾಪಾರಸ್ಥರಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಫಳಫಳ ಹೊಳೆಯುವ ಬಾನೆಟ್ಟಿನ ಕಡೆ ಅವರು ನೋಡುವುದೇ ಇಲ್ಲ. ನೇರವಾಗಿ ಹಿಂದಕ್ಕೆ ಹೋಗಿ, ಮೊಣಕಾಲೂರಿ, ಹೈಡ್ರಾಲಿಕ್ ಲಿಫ್ಟಿನ ಕೆಳಗೆ ಕೈ ಹಾಕುತ್ತಾರೆ. ಅಲ್ಲಿ ಬೆರಳಿಗೆ ಕೆಂಪು ಬಣ್ಣದ ಮಡ್ಡಿ ಸಿಕ್ಕರೆ ಕೊಳೆಯ ಮೇಲೇ ಗನ್ ಆಡಿಸಿದ್ದಾರೆ ಎಂದು ತಿಳಿಯಿತು. ಆಮೇಲೆ ಮಡ್‌ಗಾರ್ಡಿನ ಒಳ ಅಂಚು, ಬ್ಯಾಟರಿ ಪೆಟ್ಟಿಗೆಯ ಕೆಳಗೆ, ಗ್ರಿಲ್ಲಿನ ಹಿಂಬದಿ. ಉಗುರಿನಿಂದ ಒಮ್ಮೆ ಗೀಚುತ್ತಾರೆ. ಪುಟ್ಟಿಯ ಅನುಮಾನ ಬಂದರೆ ಜೇಬಿನಿಂದ ಸಣ್ಣ ಅಯಸ್ಕಾಂತ ತೆಗೆದು ತಗಡಿಗೆ ಅಂಟುತ್ತದೋ ಇಲ್ಲವೋ ನೋಡುತ್ತಾರೆ. ಬಣ್ಣ ಗಟ್ಟಿಯಿದ್ದರೆ ಇಂಜಿನ್ ಚಾಲೂ ಮಾಡಲು ಹೇಳುತ್ತಾರೆ. ಉಗುರಿಗೆ ಎದ್ದು ಬಂದರೆ ಚಾಲೂ ಮಾಡಿಸುವ ಮುಂಚೆಯೇ ಬೆಲೆ ಇಳಿಸಿ ಕೇಳುತ್ತಾರೆ.